ಬೂಷ್ಟುಮೂರ್ತಿಯ ಕೆಂಪು ಗೆರೆ

ಬೆಳಗಿನ ಲೋಕಲ್‌ನಲ್ಲಿ ಉಸಿರಾಡುವುದಕ್ಕೂ ಸರದಿ ಕಾಯಬೇಕಾದ ಹೊತ್ತಿನಲ್ಲಿ, ಘಾಟ್ಕೋಪರಿನ ಸತ್ಯಮೂರ್ತಿಗೆ ಮಾತ್ರ ಕಾಲು ಚಾಚುವಷ್ಟು ಜಾಗ ಸಿಗುತ್ತಿತ್ತು. ತೊಡೆಯ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ, "ಜಹರ್ ಪಕಡನೇ ಕಾ ಮಷೀನ್", ವಿಷ ಹಿಡಿಯುವ ಯಂತ್ರ, ಎನ್ನುತ್ತಿದ್ದ. ಗದ್ದಲದಲ್ಲಿ "ಜಹರ್" ಒಂದೇ ಕಿವಿಗೆ ಬೀಳುತ್ತಿತ್ತು.

ಮೈಸೂರಿನಿಂದ ಬಂದು ಮುಂಬಯಿಯ ಪ್ರಯೋಗಾಲಯವೊಂದಕ್ಕೆ ಸೇರಿದ ಈತ ತನ್ನ ಯೌವನವನ್ನೆಲ್ಲ ಕಡಲೆಕಾಯಿಯ ಬೂಷ್ಟಿಗೆ ಧಾರೆಯೆರೆದಿದ್ದ. ಯಂತ್ರವೆಂದರೆ ಒಂದು ಕಡ್ಡಿ, ಒಂದು ಬ್ಯಾಟರಿ, ಗಡಿಯಾರದಂಥ ಒಂದು ಮುಖ. ಕಡ್ಡಿಯ ತುದಿಗೆ ಜೀವಕೋಶದಿಂದ ತೆಗೆದ ಏನೋ ಲೇಪ. ಬೂಷ್ಟು ಉಗುಳಿದ ವಿಷ ಅದಕ್ಕೆ ಅಂಟಿಕೊಂಡರೆ ವಿದ್ಯುತ್ತು ತಗ್ಗಿ, ಮುಳ್ಳು ಕೆಂಪು ಗೆರೆಗೆ ವಾಲಬೇಕು. ಲೇಪ ಕೆಡದಿರಲೆಂದು ಡಬ್ಬಿಯ ತುಂಬ ಐಸು. ಬೂಷ್ಟುಮೂರ್ತಿ ಮದುವೆಮನೆಗೆ ಕಾಲಿಟ್ಟರೆ ಚಟ್ನಿಯೇ ಬೆವರುತ್ತದೆ ಎಂದು ಮಾಟುಂಗದವರು ಆಡಿಕೊಳ್ಳುತ್ತಿದ್ದರು.

ಆ ವರ್ಷ ಗಣೇಶನ ಹಬ್ಬಕ್ಕೆ ಮಾಟುಂಗದ ಪುಟ್ಟ ಕನ್ನಡ ಸಂಘವೊಂದು ಊಟಕ್ಕೆ ಮೊದಲು ವಿಜ್ಞಾನದ ಉಪನ್ಯಾಸ ಇಟ್ಟಿತು. ಊಟದ ಆಸೆಗೆ ಹಾಲ್ ತುಂಬಿತು. ಆದರೆ ಹಾಲ್ ಇದ್ದದ್ದು ರೈಲುಹಳಿಗೆ ಅಂಟಿಕೊಂಡು. ಒಂದೊಂದು ಲೋಕಲ್ ಹಾದಾಗಲೂ ಮುಳ್ಳು ಮೈಮೇಲೆ ದೇವರು ಬಂದಂತೆ ಕುಣಿದು ಕೆಂಪು ಗೆರೆ ದಾಟುತ್ತಿತ್ತು. ಬರಿಯ ನೀರಿಗೂ ವಿಷವೆಂದಿತು, ಅಧ್ಯಕ್ಷರ ಕಾಫಿಗೂ ವಿಷವೆಂದಿತು.

"ಸತ್ಯಮೂರ್ತಿಗಳೇ, ನಿಮ್ಮ ಮುಳ್ಳಿಗೆ ವಿರಾರ್ ಫಾಸ್ಟ್ ಲೋಕಲ್ ಬೇಕೋ, ಸ್ಲೋ ಬೇಕೋ?" ಎಂದು ಕಾರ್ಯದರ್ಶಿ ರಾಮಸ್ವಾಮಿ ಕೇಳಿದ್ದೇ ತಡ, ಹಾಲ್ ಬಿದ್ದು ಬಿದ್ದು ನಕ್ಕಿತು.

ಅಷ್ಟರಲ್ಲಿ ಮಳೆ. ಸಮುದ್ರವೇ ಹಬ್ಬಕ್ಕೆ ಹೊರಟುಬಂದಂಥ ಮಳೆ. ಹಳಿ ಮುಳುಗಿ ಲೋಕಲ್ ನಿಂತವು. ಊಟ ತರಬೇಕಿದ್ದ ಟೆಂಪೋ ಪಕ್ಕದ ಸಾಯನ್ನಿನಲ್ಲಿ ದೋಣಿಯಾಗಿದೆಯೆಂದು ಸುದ್ದಿ ಬಂತು. ಉಳಿದದ್ದು ಯಾರೋ ವ್ಯಾಪಾರಿ ದಾನ ಕೊಟ್ಟ ಮೂಟೆಯಿಂದ ಬೇಯಿಸಿದ ಒಂದು ಹಂಡೆ ಕಡಲೆಕಾಯಿ ಉಸ್ಲಿ. ಮಕ್ಕಳು ಅಳತೊಡಗಿದವು, ದೊಡ್ಡವರು ಅಳುವುದೊಂದು ಬಾಕಿ.

ಲೋಕಲ್ ನಿಂತ ಮೇಲೆ ಯಂತ್ರವೂ ಸುಮ್ಮನಾಗಿತ್ತು. ಸತ್ಯಮೂರ್ತಿ ನಾಲ್ಕು ಕಾಳು ಅರೆದು, ತನ್ನ ದ್ರಾವಣದಲ್ಲಿ ಕದಡಿ, ಸೋಸಿ, ಕಡ್ಡಿ ಅದ್ದಿದ. ಮುಳ್ಳು ಕುಣಿಯಲಿಲ್ಲ. ಮೆಲ್ಲಗೆ ಸರಿದು ಕೆಂಪು ಗೆರೆ ದಾಟಿ ಕೂತಿತು.

ಅವನು ಯಂತ್ರವನ್ನು ತಟ್ಟಿ ನೋಡಿದ. ಯಂತ್ರವೇ ಕೆಟ್ಟಿದ್ದರೆ? ಹೆಂಡತಿ ಪುಟ್ಟಲಕ್ಷ್ಮಿಯ ಕೈಚೀಲದಲ್ಲಿ ಮನೆಯ ಕಡಲೆಕಾಯಿ ಚಟ್ನಿಪುಡಿ ಇತ್ತು. ಹೊಸ ಕಡ್ಡಿ ತೆಗೆದು ಆ ಪುಡಿಯನ್ನೂ ಪರೀಕ್ಷಿಸಿದ. ಮುಳ್ಳು ಅಲುಗಲಿಲ್ಲ. ಮದುವೆಯಾದ ಮೇಲೆ ಆಕೆಯ ಅಡುಗೆಗೆ ಅವನು ಕೊಟ್ಟ ಮೊದಲ ಸರ್ಟಿಫಿಕೇಟು ಅದು.

"ಉಸ್ಲಿ ಯಾರೂ ಮುಟ್ಟಬೇಡಿ" ಎಂದ.

"ಬೇಯಿಸಿದ್ದೀವಲ್ರೀ!" ಎಂದ ರಾಮಸ್ವಾಮಿ.

"ಬೇಯಿಸಿದ್ರೆ ಬೂಷ್ಟು ಸಾಯುತ್ತೆ ಸಾರ್, ಅದು ಬಿಟ್ಟ ವಿಷ ಸಾಯಲ್ಲ."

"ತಿಂದ್ರೆ ಇಲ್ಲೇ ಬಿದ್ದುಬಿಡ್ತೀವಾ?"

ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸತ್ಯಮೂರ್ತಿಗೆ ಅಷ್ಟು ಬುದ್ಧಿ ಎಲ್ಲಿಯದು? "ಇವತ್ತು ಏನೂ ಆಗದೇ ಇರಬಹುದು. ಒಳಗೊಳಗೇ ಲಿವರ್ ತಿನ್ನುತ್ತೆ. ವರ್ಷಗಳಾದ ಮೇಲೆ..."

"ಹಂಗಾದ್ರೆ ಇವತ್ತಿಗೆ ಅಡ್ಡಿಯಿಲ್ಲ! ಬಡಿಸೋ ಪರಪ್ಪ!"

ಹಂಡೆಯ ಮುಂದೆ ನಿಂತಿದ್ದ ಬಿಜಾಪುರದ ಅಡುಗೆಯವ ಪರಪ್ಪ ಸೌಟು ಎತ್ತಿದ. "ಆಚಿ ಸರೀರಿ ಸಾಹೇಬ್ರ. ಹಸಿದ ಹೊಟ್ಟಿ ನಿಮ್ಮ ಮುಳ್ಳು ನೋಡಂಗಿಲ್ರಿ."

ಮೊದಲ ತಟ್ಟೆ ಹಿಡಿದು ನಿಂತದ್ದು ಮೂರಡಿ ಎತ್ತರದ ಒಂದು ಹುಡುಗಿ. ಸತ್ಯಮೂರ್ತಿ ಮುಂದೆ ನುಗ್ಗಿದ. ಹಂಡೆಯ ಬಳೆಗೆ ಕೈಹಾಕಿ, ಸುಡುತ್ತಿದ್ದರೂ ಬಿಡದೆ, ಮೆಟ್ಟಿಲ ತನಕ ಎಳೆದು, ಅಂಗಳದ ಕೆಸರುನೀರಿಗೆ ಮಗುಚಿಬಿಟ್ಟ. ಉಸ್ಲಿ ತೇಲುತ್ತ ಗಟಾರದ ಕಡೆ ಮೆರವಣಿಗೆ ಹೊರಟಿತು.

ಆಮೇಲೆ ಅವನು ಕೇಳಿಸಿಕೊಂಡ ಬೈಗುಳ ನಾಲ್ಕು ಭಾಷೆಯವು. ಪುಟ್ಟಲಕ್ಷ್ಮಿ ಮಾತ್ರ ಬೈಯಲಿಲ್ಲ. ಚಟ್ನಿಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಮಕ್ಕಳ ಅಂಗೈಗೆ ಹಾಕುತ್ತ ಹೋದಳು.

ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ರಾಮಸ್ವಾಮಿ ಗುಡುಗಿದ: "ಇಷ್ಟು ದಿನ ಆಯ್ತು. ಒಬ್ರಿಗಾದ್ರೂ ಏನಾದ್ರೂ ಆಯ್ತೇನ್ರೀ? ಸುಮ್ಮನೆ ಜನರನ್ನ ಉಪವಾಸ ಕೆಡವಿದ್ರಿ!"

ತಿನ್ನದ ಉಸ್ಲಿಯಿಂದ ಯಾರಿಗೂ ಏನೂ ಆಗಲಿಲ್ಲವೆಂಬ ಈ ಬಲವಾದ ಪುರಾವೆಗೆ ಸಭೆಯೆಲ್ಲ ತಲೆದೂಗಿತು. ಅವನನ್ನು ಸದಸ್ಯತ್ವದಿಂದ ತೆಗೆಯಲು ಕೈಗಳು ಮೇಲೆದ್ದವು.

"ಹೌದು ಸಾರ್, ಯಾರಿಗೂ ಏನೂ ಆಗಲಿಲ್ಲ" ಎಂದ ಸತ್ಯಮೂರ್ತಿ. ಬಹುಮಾನ ಬಂದವನ ಹಾಗೆ ಮುಖವರಳಿಸಿ, ಬೊಬ್ಬೆಯೆದ್ದ ಅಂಗೈಯನ್ನು ತಾನೂ ಎತ್ತಿದ.