ಒಂದೇ ಮನೆಯಲ್ಲಿರಲು ಇಥಿಯೋಪಿಯಾಕ್ಕೆ

ನಾವು ಗಂಡ ಹೆಂಡತಿ ಇಥಿಯೋಪಿಯಾಕ್ಕೆ ಮೇಷ್ಟ್ರ ಕೆಲಸಕ್ಕೆ ಹೊರಟದ್ದು ಸಂಬಳದ ಆಸೆಗೆ ಎಂದೇ ಚಿನ್ನದ ಗಣಿಯ ಊರಾದ ನಮ್ಮ ಉರಿಗಾಂನಲ್ಲಿ ಎಲ್ಲರೂ ನಂಬಿದ್ದರು. ಸಂಬಳ ಬೇಡವೆಂದೇನಲ್ಲ. ಆದರೆ ನಿಜವಾದ ಕಾರಣ ಹೇಳಿಕೊಳ್ಳಲು ಆಗ ನನಗೆ ನಾಚಿಕೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಉರಿಗಾಂನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ನನ್ನವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ಗಣಿತದ ಮೇಷ್ಟ್ರು. ಮದುವೆಯಾಗಿ ಮೂರು ವರ್ಷವಾದರೂ ಒಂದೇ ಊರಿಗೆ ವರ್ಗ ಸಿಕ್ಕಿರಲಿಲ್ಲ. ನಾನಿದ್ದದ್ದು ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಕಂಪನಿ ಕೊಟ್ಟಿದ್ದ, ಸಾಲುಮನೆಗಳಲ್ಲೊಂದಾದ ಪುಟ್ಟ ಲೈನ್ ಮನೆಯಲ್ಲಿ. ತಮ್ಮ ತಂಗಿಯರಿಂದ ತುಂಬಿಹೋದ ಆ ಮನೆಯಲ್ಲಿ ಅಳಿಯನಿಗೆ ಕಾಲು ಚಾಚಲೂ ಜಾಗವಿರಲಿಲ್ಲ. ಹಾಗಾಗಿ ಪ್ರತಿ ಶನಿವಾರ ಅವರು ಬಸ್ಸಿನಲ್ಲಿ, ನಾನು ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಸ್ಟೇಷನ್ನಿನ ಬೆಂಚಿನ ಮೇಲೆ ವಡೆ ತಿನ್ನುತ್ತಾ ಸಂಸಾರದ ಮಾತೆಲ್ಲ ಮುಗಿಸುತ್ತಿದ್ದೆವು.

ಇಥಿಯೋಪಿಯಾದಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಒಂದೇ ಶಾಲೆಗೆ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ತಂದವರು ಅವರೇ. ಅರ್ಜಿ ಹಾಕಿದೆವು. ಮದರಾಸಿಗೆ ಸಂದರ್ಶನಕ್ಕೆ ಕರೆದರು. "ನಮ್ಮ ದೇಶಕ್ಕೆ ಯಾಕೆ ಬರಬೇಕೆಂದಿದ್ದೀರಿ?" ಎಂದು ಇಥಿಯೋಪಿಯಾದಿಂದ ಬಂದಿದ್ದ ಅಧಿಕಾರಿ ಕೇಳಿದರು. ಶಿಕ್ಷಣ, ಸೇವೆ ಎಂದೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ ನನ್ನವರು ಗಾಬರಿಯಲ್ಲಿ, "ಇವಳ ಜೊತೆ ದಿನಾ ಊಟ ಮಾಡಬೇಕು, ಸಾರ್" ಎಂದುಬಿಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಅಧಿಕಾರಿ ಮಾತ್ರ ಮೇಜು ತಟ್ಟಿ ನಕ್ಕರು. "ಇವರು ಅರ್ಧಕ್ಕೆ ಬಿಟ್ಟು ಓಡಿಹೋಗುವವರಲ್ಲ" ಎಂದು ಪಕ್ಕದವರಿಗೆ ಹೇಳಿದರು. ಕೆಲಸ ಸಿಕ್ಕಿತು.

ಅಪ್ಪನಿಗೆ ಹೇಳಲು ಹೆದರಿಕೆಯಿತ್ತು. ಅವರು ಗಣಿಯ ಪಾಳಿ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದಾಗ ಮೆಲ್ಲಗೆ ಹೇಳಿದೆ.

"ಅಷ್ಟು ದೂರ ಯಾಕಮ್ಮಾ ಓಗಬೇಕು?"

"ಒಂದೇ ಮನೇಲಿ ಇರೋಕೆ, ಅಪ್ಪಾ."

ಲೋಟ ಕೆಳಗಿಟ್ಟು ನಗತೊಡಗಿದರು. "ಅದುಕ್ಕೆ ಸಮುದ್ರ ದಾಟಬೇಕಾ? ಸರಿ, ಓಗ್ಬನ್ನಿ. ನಾನು ದಿನಾ ಭೂಮಿ ಒಳಕ್ಕೆ ಇಳೀತೀನಿ. ನೀವು ಮೇಲ್ಮೇಲೆ ತಾನೇ ಓಗೋದು!"

ಇಥಿಯೋಪಿಯಾದಲ್ಲಿ ಬೆಟ್ಟದ ಮೇಲಿನ ಊರೊಂದರಲ್ಲಿ ನಮಗೆ ಪುಟ್ಟ ಮನೆ ಕೊಟ್ಟರು. ಮೊದಲ ವಾರವೇ ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂದು ಜೋರು ಜಗಳ. ಅದೇ ನಮ್ಮ ಮೊದಲ ಜಗಳ. ಅಲ್ಲಿಯವರೆಗೆ ಜಗಳವಾಡಲು ಪುರುಸೊತ್ತೇ ಸಿಕ್ಕಿರಲಿಲ್ಲ. ಗಾಳಿ ಬೇಕು ಎಂದು ಹಟ ಹಿಡಿದ ನನ್ನವರು ಮುನಿಸಿಕೊಂಡು ಹೊರಗೆ ಹೋಗಿ, ಚಳಿಗೆ ನಡುಗುತ್ತಾ ಬಂದು ತಾವೇ ಕಿಟಕಿ ಮುಚ್ಚಿದರು. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ನಾಲ್ಕು ವರ್ಷ ಅಲ್ಲಿದ್ದೆವು. ಮಗಳು ಹುಟ್ಟಿದ್ದೂ ಅಲ್ಲೇ. ತೊದಲು ಮಾತನ್ನು ಆ ದೇಶದ ಭಾಷೆಯಲ್ಲೇ ಕಲಿತಳು.