ಗೋಲಿನ ಬಾಯಲ್ಲಿ ನನ್ನ ಕಣ

ನಮ್ಮೂರ ಫುಟ್‌ಬಾಲ್ ಮೈದಾನವನ್ನು ಊರಿನವರೇ ಅದು ಬೇಕು ಇದು ಬೇಕು ಎಂದು ಕೇಳಿ ಕೇಳಿ ಮುಗಿಸಿದರು. ಕೇಳಿದವರಲ್ಲಿ ನಾನೂ ಒಬ್ಬಳು. ಪಂಚಾಯ್ತಿ ಮೆಂಬರನ್ನು ಬೈದುಕೊಂಡು ತಿರುಗುವವರು ತಿರುಗಲಿ, ನನ್ನ ಮಂಡಿಗೆ ಅಷ್ಟು ತಿರುಗುವ ಶಕ್ತಿಯಿಲ್ಲ.

ನಮ್ಮದು ಕಂಪಲಾಪುರದಿಂದ ಕೊಪ್ಪದ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಕ್ಕೆ ಸಿಗುವ ಊರು. ಕೆರೆ ಏರಿಯ ಪಕ್ಕ ಮೈದಾನ. ನಾನು ಮದುವೆಯಾಗಿ ಬಂದಾಗ ಅಲ್ಲಿ ದನ ಮೇಯುತ್ತಿದ್ದವು. ಆಮೇಲೆ ಊರಿನ ಹುಡುಗರು ಕೊಪ್ಪದ ಕಡೆಯವರ ಆಟ ನೋಡಿ ಬಂದು, ಎರಡು ಕೊನೆಗೂ ನೀಲಗಿರಿ ಗಳ ನೆಟ್ಟು ಬಾಲು ಒದೆಯಲು ಶುರು ಮಾಡಿದರು. ಈಗ ಗಳದ ಜಾಗದಲ್ಲಿ ಕಬ್ಬಿಣದ ಕಂಬ ಬಂದಿದೆ, ಹೆಣ್ಣುಮಕ್ಕಳೂ ಆಡುತ್ತಾರೆ. ನನ್ನ ಮಗನ ಮಗಳು ಪಿಯುಸಿ ಓದುತ್ತಾಳೆ, ಗೋಲಿನಲ್ಲಿ ನಿಲ್ಲುತ್ತಾಳೆ. ಅವಳ ಮೊಣಕೈ ಮೊಣಕಾಲಿನಲ್ಲಿ ಪೂರ್ತಿ ಚರ್ಮ ಇದ್ದ ದಿನವನ್ನು ನಾನು ಕಂಡಿಲ್ಲ.

ಒಕ್ಕಣೆಗೂ ನಮಗೆ ಅದೇ ಜಾಗ. ಸಂಕ್ರಾಂತಿಯ ಆಸುಪಾಸಿನಲ್ಲಿ ರಾಗಿ ಕಂತೆ ತಂದು ಅಲ್ಲಿ ಹರಡುತ್ತೇವೆ, ಮೇಲೆ ಟ್ರ್ಯಾಕ್ಟರ್ ಓಡಿಸುತ್ತೇವೆ, ಗಾಳಿ ಬಂದಾಗ ತೂರುತ್ತೇವೆ. ಆ ದಿನಗಳಲ್ಲಿ ಆಟ ಅರ್ಧ ಮೈದಾನದಲ್ಲಿ. ಬಾಲು ರಾಗಿ ರಾಶಿಗೆ ಬಿದ್ದರೆ ಒದ್ದವರು ಒಂದು ಮೂಟೆ ಹೊತ್ತುಕೊಟ್ಟು ಬಾಲು ಬಿಡಿಸಿಕೊಳ್ಳಬೇಕು. ಯಾರು ಮಾಡಿದ ಕಾನೂನೋ ಗೊತ್ತಿಲ್ಲ, ಮುರಿದವರನ್ನು ನಾನು ನೋಡಿಲ್ಲ.

ತೊಂದರೆ ಏನೆಂದರೆ ಅದು ಗರಸು ನೆಲ. ಎಷ್ಟು ಗುಡಿಸಿ ಸಗಣಿ ಸಾರಿಸಿದರೂ ಸಣ್ಣ ಕಲ್ಲು ಎದ್ದು ಕಾಳಿಗೆ ಸೇರುತ್ತದೆ. ವರ್ಷವೆಲ್ಲ ರಾಗಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ತೆಗೆಯುವುದು ನನ್ನ ಕೆಲಸ. ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ, ನಿಜ. ಆದರೂ ಕಲ್ಲು ಇದ್ದದ್ದು ನಾಲಿಗೆಗೆ ಗೊತ್ತಾಗುತ್ತದೆ.

ಮೈದಾನ ಅಭಿವೃದ್ಧಿ ಮಾಡುತ್ತಾರೆ ಎಂದು ಸುದ್ದಿ ಬಂತು. ಮೊದಲನೇ ಸಭೆ ಮೈದಾನದ ಹೊಂಗೆ ಮರದ ಕೆಳಗೇ ಆಯಿತು. ಮೆಂಬರು ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದ. ಮೊದಲು ಎದ್ದು ನಿಂತವಳು ನನ್ನ ಮೊಮ್ಮಗಳು.

"ನಮ್ಗೆ ಇನ್ನೇನೂ ಬ್ಯಾಡಣ್ಣ. ನೆಲ ಮಟ್ಟ ಮಾಡ್ಸಿ, ಅಳತೆ ಈಗ ಇರೋವಷ್ಟೇ ಇರ್ಲಿ. ಕೊಪ್ಪದ ಟೀಮಿನವ್ರು ಇಲ್ಗೇ ಬಂದು ಆಡ್ತೀವಿ ಅಂದವ್ರೆ."

ಅವಳು ಹಾಗೆ ಕೇಳಲು ಕಾರಣವಿತ್ತು. ಇಷ್ಟು ವರ್ಷ ನಮ್ಮ ಹುಡುಗಿಯರೇ ಬಸ್ಸು ಹತ್ತಿ ಕೊಪ್ಪಕ್ಕೆ ಹೋಗಿ ಆಡಿ, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಈ ಸಲ ನನ್ನ ಮಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಆಡೋದಾದ್ರೆ ಊರಲ್ಲಿ ಆಡು. ಬಸ್ಸತ್ತಿ ಓಗೋದು ಈ ವರ್ಷಕ್ಕೇ ಕೊನೆ." ಮಿಕ್ಕ ಹುಡುಗಿಯರ ಮನೆಯಲ್ಲೂ ಅದೇ ಮಾತು. ಊರಿನಲ್ಲಿ ಪೂರ್ತಿ ಅಳತೆಯ ಮೈದಾನ ಇಲ್ಲದಿದ್ದರೆ ಅವರ ಟೀಮೇ ಇಲ್ಲ.

ಮೆಂಬರು ಅದನ್ನು ಬರೆದುಕೊಳ್ಳಲಿಲ್ಲ. "ಮಟ್ಟ ಮಾಡೋದು ಆಗೇ ಆಯ್ತದೆ ಬುಡವ್ವ. ಏನೇನು ಕಟ್ಟುಸ್ಬೇಕು, ಅದ ಏಳ್ರಿ ಎಲ್ರೂವೆ," ಎಂದ.

ಕಟ್ಟಿಸುವ ಮಾತು ಬಂದದ್ದೇ ತಡ, ತೂಕಡಿಸುತ್ತಿದ್ದವರೂ ಎದ್ದು ಕೂತರು.

ಎರಡನೇ ಸಭೆ ಪಂಚಾಯ್ತಿ ಕಚೇರಿಯಲ್ಲಿ. ಮೊಮ್ಮಗಳು ಅವತ್ತು ಕಾಲೇಜಿಗೆ ಹೋಗಿದ್ದಳು. ಅಧಿಕಾರಿ ಬರುತ್ತಾರೆ ಎಂದು ಕೂರಿಸಿ ಕೂರಿಸಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಕೊನೆಗೆ ಅವರು ಬರಲಿಲ್ಲ, ಟೀ ಮಾತ್ರ ಬಂತು, ಅದೂ ಆರಿತ್ತು. ರಿಟೈರಾದ ಮೇಷ್ಟ್ರು ಸುತ್ತಲೂ ನಡೆಯುವ ದಾರಿ ಕೇಳಿದರು, ಅವರಿಗೆ ಸಕ್ಕರೆ ಕಾಯಿಲೆ. ಸ್ವಸಹಾಯ ಸಂಘದ ಹೆಂಗಸರು ಕೂರಲು ಒಂದು ಕೋಣೆ ಕೇಳಿದರು. ಯಾರೋ ವ್ಯಾಯಾಮ ಮಾಡುವ ಕಬ್ಬಿಣದ ಸಾಮಾನು ಕೇಳಿದರು. ಮೆಂಬರಿಗೆ ಜನ ಕೂತು ನೋಡುವ ಮೆಟ್ಟಿಲು ಬೇಕು, ಮೈದಾನದ ಬಾಯಿಗೆ ಒಂದು ಕಮಾನೂ ಬೇಕು. ಎಲ್ಲರದೂ ಆದ ಮೇಲೆ ಅವನು ನನ್ನ ಕಡೆ ತಿರುಗಿದ.

"ನಿಮ್ಗೇನವ್ವಾ ಬೇಕು?"

"ಒಂದು ಮೂಲೇಲಿ ಒಕ್ಕಣೆಗೆ ಸಿಮೆಂಟಿನ ಕಣ ಆಕುಸ್ಕೊಡಪ್ಪ. ಕಲ್ಲು ತಿಂದು ತಿಂದು ಸಾಕಾಗ್ಯದೆ."

ಎಲ್ಲರೂ ನಕ್ಕರು. ಅವನು ನಗಲಿಲ್ಲ, ಬರೆದುಕೊಂಡ. ನನ್ನ ಬಾಯಿಂದ ಬಂದ ಮಾತನ್ನು ಒಬ್ಬರು ಪೆನ್ನು ಹಿಡಿದು ಬರೆದುಕೊಂಡದ್ದು ಅದೇ ಮೊದಲು. ಅದು ಹಿತವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಮೊಮ್ಮಗಳಿಗೆ ಹೇಳಲಿಲ್ಲ. ಹೇಳಬಾರದು ಎಂದೇನಿರಲಿಲ್ಲ. ಹಸುವಿಗೆ ಹುಲ್ಲು ಹಾಕಬೇಕಿತ್ತು, ಹಾಕಿದೆ, ಮರೆತೆ.

ಗೂಡಿನ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೆಲಸ ಮುಗಿದ ಮೇಲೆ ಮೂರನೇ ಸಭೆ ಕರೆದರು. ಎಂಜಿನಿಯರು ಬಣ್ಣದ ನಕ್ಷೆ ತಂದಿದ್ದರು. ಅದರಲ್ಲಿ ಮರಗಳಿದ್ದವು, ಪ್ಯಾಂಟು ಹಾಕಿಕೊಂಡು ನಡೆಯುವ ಹೆಂಗಸರಿದ್ದರು. ನಮ್ಮೂರಿನವರಂತೆ ಯಾರೂ ಕಾಣಲಿಲ್ಲ. ಎಲ್ಲರೂ ಬಗ್ಗಿ ತಂತಮ್ಮದು ಇದೆಯೇ ಎಂದು ಹುಡುಕಿ, ಸಿಕ್ಕಿದ ಮೇಲೆ ತಲೆಯಾಡಿಸಿದರು. ನಾನು ಓದಿದವಳಲ್ಲ, ನಕ್ಷೆ ನನ್ನ ತಲೆಗೆ ಹತ್ತುವುದಿಲ್ಲ.

"ಇದ್ರಲ್ಲಿ ಬಾಲು ಆಡೋ ಜಾಗ ಯಾವ್ದು ಸ್ವಾಮಿ?"

ಎಂಜಿನಿಯರು ನಡುವಿನ ಹಸಿರನ್ನು ತೋರಿಸಿ ಇಷ್ಟು ಮೀಟರು ಎಂದರು.

"ಮೀಟ್ರು ಗೀಟ್ರು ನಂಗೊತ್ತಾಗಾಕಿಲ್ಲ. ನೆಲದ ಮ್ಯಾಲೆ ತೋರ್ಸಿ."

ನಮ್ಮ ಕಡೆ ಮನೆ ಕಟ್ಟುವಾಗ ಕಾಗದವನ್ನು ಯಾರೂ ನಂಬುವುದಿಲ್ಲ. ಗೂಟ ಹೊಡೆದು, ಹಗ್ಗ ಎಳೆದು, ಸುಣ್ಣ ಚೆಲ್ಲುತ್ತಾರೆ. ಆ ಗೆರೆಗಳ ಒಳಗೆ ಮನೆಯ ಹೆಂಗಸು ಒಂದು ಸಲ ಓಡಾಡುತ್ತಾಳೆ. ಒಲೆ ಎಲ್ಲಿ, ಬಚ್ಚಲೆಲ್ಲಿ, ಬಾಗಿಲು ತೆಗೆದರೆ ಏನು ಕಾಣುತ್ತದೆ ಎಂದು. ಆಮೇಲೆ ಪಾಯ. ಎಂಜಿನಿಯರಿಗೆ ಇದು ಹುಚ್ಚು ಅನಿಸಿರಬೇಕು. ಆದರೆ ಮೇಷ್ಟ್ರು, "ಅವ್ವ ಹೇಳೋದು ಸರಿ ಕಣ್ರೀ, ಗುರುತು ಹಾಕಿಬಿಡಿ," ಎಂದರು. ಅವರಿಗೆ ತಮ್ಮ ದಾರಿಯನ್ನು ನಡೆದು ನೋಡುವ ಆಸೆ.

ಸುಣ್ಣದ ಮೂಟೆ ಬಂತು. ಗೂಟ ಸಾಲಲಿಲ್ಲ. ನಾನು ಕೊಟ್ಟಿಗೆಯಲ್ಲಿದ್ದ ನಾಲ್ಕು ಗೂಟ ತಂದುಕೊಟ್ಟೆ.

ಸಂಜೆ ಹೊತ್ತಿಗೆ ಮೈದಾನ ರಂಗೋಲಿ ಬಿಟ್ಟ ಅಂಗಳದ ಹಾಗಿತ್ತು. ಸುತ್ತಲೂ ಮೇಷ್ಟ್ರ ದಾರಿ, ಒಂದು ಮಗ್ಗುಲಿಗೆ ಮೆಂಬರ ಮೆಟ್ಟಿಲು, ಎದುರು ಮಗ್ಗುಲಿಗೆ ಸಂಘದ ಕೋಣೆಯೂ ವ್ಯಾಯಾಮದ ಕಬ್ಬಿಣವೂ. ಮೂಲೆಗಳೆಲ್ಲ ತುಂಬಿಹೋಗಿದ್ದರಿಂದ ನನ್ನ ಕಣವನ್ನು, ನಾನು ತಂದ ಗೂಟಗಳನ್ನೇ ಹೊಡೆದು, ಕೆರೆ ಕಡೆಯ ಗೋಲಿನ ಬಾಯಿಗೇ ತಂದು ಕೂರಿಸಿದ್ದರು. ನಡುವೆ ಉಳಿದ ಜಾಗ ಒಂದು ದೊಡ್ಡ ಮದುವೆಗೆ ಪೆಂಡಾಲು ಹಾಕಲೂ ಸಾಲದು.

ಮೊಮ್ಮಗಳು ಕಾಲೇಜಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಬಾಲು ಇಟ್ಟು ಒದ್ದಳು. ಬಾಲು ಮೆಟ್ಟಿಲಿನ ಗೆರೆ ದಾಟಿ, ಮೇಷ್ಟ್ರ ದಾರಿ ದಾಟಿ, ಹೊಂಗೆ ಮರಕ್ಕೆ ತಗುಲಿತು.

"ಇಲ್ಲಿ ಗೋಲಿ ಆಡ್ಬೌದು ಅಷ್ಟೇಯ," ಎಂದಳು. ನಡೆದು ಹೋಗಿ ತಾನು ದಿನಾ ನಿಲ್ಲುವ ಜಾಗದಲ್ಲಿ, ನನ್ನ ನಾಲ್ಕು ಗೂಟದ ನಡುವೆ ನಿಂತಳು. "ಇದ್ಯಾರ್ದು? ಸರ್ಯಾಗಿ ನಾನು ನಿಂತ್ಕೊಳ್ಳೋ ತಾವೇ ಆಕವ್ರೆ!"

ಮೆಂಬರು ನನ್ನ ಕಡೆ ನೋಡಿದ. ಮಿಕ್ಕವರು ಕೆರೆ ಕಡೆ ನೋಡಿದರು.

"ನಂದೇ ಕಣಮ್ಮಿ," ಎಂದೆ.

ಅವಳು ಬಾಲು ತರಲು ಹೋದಳು.

ಆಮೇಲೆ ಮಾತು ಶುರುವಾಯಿತು. ಜಾಗ ಸಾಲದು ಎಂಬುದು ಎಲ್ಲರ ಕಣ್ಣಿಗೂ ಕಂಡಿತ್ತು. ಮೇಷ್ಟ್ರು ಮೆಟ್ಟಿಲು ತೆಗೆಯಿರಿ ಎಂದರು. ಮೆಂಬರು ದಾರಿ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದ. ಸಂಘದವಳೊಬ್ಬಳು, "ಎಂಗುಸ್ರುದ್ದು ಅಂದ್ರೆ ಮೊದ್ಲು ಕಿತ್ತಾಕಿ, ನಿಮ್ಗೆ ಅದೇ ಸುಲ್ಭ," ಎಂದು ಕೂಗಿದಳು. ಎಂಜಿನಿಯರು ಟೇಪು ಸುತ್ತಿಕೊಂಡು ಬೈಕು ಹತ್ತಿದರು. ಮುಂದಿನ ಸಭೆಯಲ್ಲಿ ನೋಡೋಣ ಎಂದು ಎದ್ದೆವು. ನಾನೂ ಬಾಯಿ ಬಿಡಲಿಲ್ಲ. ಮೊದಲು ಅವರು ತೆಗೆಯಲಿ, ಆಮೇಲೆ ನನ್ನದು, ಎಂದು ನನ್ನ ಮನಸ್ಸಿನಲ್ಲೂ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದಳು.

"ನಂಗೇಳಿದ್ರೆ ಆಗ್ತಿತ್ತು ಅಜ್ಜಿ."

"ಏಳಿದ್ರೆ ಏನ್ಮಾಡ್ತಿದ್ದೆ?"

"ಏನೂ ಇಲ್ಲ. ಆ ಸಭೇಲಿ ಒಬ್ರಾದ್ರೂ ನಮ್ ಕಡೆ ಅವ್ರೆ ಅನ್ಕೊಂಡಿದ್ದೆ, ಅನ್ಕೊತಿರ್ಲಿಲ್ಲ."

ಸೊಸೆ, "ಅಜ್ಜಿಗೆ ಅಂಗೆಲ್ಲ ಅನ್ಬಾರ್ದು," ಎಂದು ಗದರಿಸಿದಳು. ಅನ್ನಬಾರದ್ದೇನೂ ಅದರಲ್ಲಿ ಇರಲಿಲ್ಲ. ಸಾರು ಹಾಕಿಸಿಕೊಂಡು ನುಂಗಿದೆ.

ಮಾರನೇ ಬೆಳಿಗ್ಗೆ ಹಾಲು ಕರೆದು ಡೈರಿಗೆ ಕಳಿಸಿ, ಪೊರಕೆ ಹಿಡಿದು ಮೈದಾನಕ್ಕೆ ಹೋದೆ. ನಾಲ್ಕು ಗೂಟವನ್ನೂ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತೆ. ಸುಣ್ಣದ ಗೆರೆಯನ್ನು ಪೊರಕೆಯಿಂದ ಉಜ್ಜಿದೆ. ಅಷ್ಟಕ್ಕೇ ಸೊಂಟ ಹಿಡಿಯಿತು. ಏರಿ ಮೇಲೆ ಬೈಕಿನಲ್ಲಿ ಹೋಗುತ್ತಿದ್ದ ಮೆಂಬರು ನಿಲ್ಲಿಸಿದ.

"ಏನವ್ವಾ ಇದು?"

"ನನ್ ಕಣ ಬ್ಯಾಡ. ಬುಕ್ಕಲ್ಲಿ ಬರ್ದಿದ್ದೀಯಲ್ಲ, ಗೀಟು ಒಡೆದಾಕು."

"ನೀವೊಬ್ರು ತೆಗುದ್ರೆ ಏನಾಯ್ತದವ್ವ? ಮಿಕ್ಕಿದ್ದೆಲ್ಲಾ ಅಂಗೇ ಅದ್ಯಲ್ಲ."

"ನಂಗೆ ನಾಕು ಗೂಟ ವಾಪಸ್ ಬತ್ತವೆ."

ಅವನು ಗೇರು ಹಾಕಿ ಹೊರಟುಹೋದ. ಅವನ ಮೆಟ್ಟಿಲಿನ ಗೂಟಗಳು ಇದ್ದ ಕಡೆಯೇ ಇದ್ದವು.

ಮನೆಗೆ ಬಂದು ಒಂದು ಗೂಟಕ್ಕೆ ಕರು ಕಟ್ಟಿದೆ, ಮೂರನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದೆ. ಹಿಟ್ಟು ಮುಗಿಯುತ್ತಾ ಬಂದಿತ್ತು. ರಾಗಿ ಅಳೆದು ಬೋಗುಣಿಗೆ ಸುರಿದು, ನೀರು ಹಾಕಿ ಕಲ್ಲು ಜಾಲಿಸಲು ಕೂತೆ.