ಅವ್ವನಿಗೆ ಬಿಳಿಯದು ವರ್ಜ್ಯ

ಅವ್ವನ ಬೆರಳ ತುದಿಗಳು ಬೆಳ್ಳಗಾಗತೊಡಗಿದ್ದು ಶಾವಿಗೆ ಹೊಸೆಯುವ ಬೇಸಿಗೆಯಲ್ಲಿ. ಶಿರಹಟ್ಟಿಯ ನಮ್ಮ ಓಣಿಯ ಹೆಂಗಸರು ದಿನಕ್ಕೊಂದು ಮನೆಯಂತೆ ಸೇರಿ ಶಾವಿಗೆ ಹೊಸೆಯುತ್ತಿದ್ದರು. ಅವ್ವ ಹೊಸೆದದ್ದು ಕೂದಲೆಳೆಯಷ್ಟು ಸಣ್ಣ. ಅವಳಿಗೆ ಎಲ್ಲರ ಮನೆಯಿಂದಲೂ ಮೊದಲ ಕರೆ. ಆ ವರ್ಷ ಮಾತ್ರ ಎದುರುಮನೆಯಾಕೆ ನಮ್ಮ ಹೊಸ್ತಿಲಾಚೆಯೇ ನಿಂತು, “ಈ ಸಲ ನೀವು ಆರಾಮ ಕುಂಡ್ರಿ ಅಕ್ಕಾ, ನಾವು ನೋಡ್ಕೋತೀವಿ” ಅಂದಳು. ಹತ್ತು ವರ್ಷದ ನನಗೂ ಗೊತ್ತಾಯಿತು, ಆ ಕೈ ಮುಟ್ಟಿದ ಹಿಟ್ಟು ಇವರಿಗೆ ಬೇಡ ಎಂದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಅವಳನ್ನು ಲಕ್ಷ್ಮೇಶ್ವರದ ವೈದ್ಯರೊಬ್ಬರ ಹತ್ತಿರ ಕರೆದೊಯ್ದ. ಅವರು ಹಚ್ಚಿಕೊಳ್ಳಲು ಒಂದು ಲೇಪ ಕೊಟ್ಟು, “ಬಿಳೀದು ಏನೂ ಹೊಟ್ಟಿಗೆ ಹೋಗಬಾರದು. ಹಾಲು, ಮೊಸರು, ಮಜ್ಜಿಗಿ, ಅನ್ನ, ಎಲ್ಲಾ ಬಂದ್” ಎಂದು ಅಪ್ಪಣೆ ಮಾಡಿದರು. ಬಿಳಿಜೋಳದ ರೊಟ್ಟಿ ಹೇಗೆ ಪಾರಾಯಿತೋ ತಿಳಿಯದು. ಅದನ್ನೂ ಬಿಡಿಸಿದ್ದರೆ ನಮ್ಮ ಸೀಮೆಯಲ್ಲಿ ಆ ವೈದ್ಯರೇ ಉಪವಾಸ ಬೀಳಬೇಕಾಗುತ್ತಿತ್ತು.

ವರ್ಷ ಕಳೆಯುವಷ್ಟರಲ್ಲಿ ಅವ್ವನ ಕುತ್ತಿಗೆ ಉಬ್ಬಿತು, ಮುಖ ಊದಿಕೊಂಡಿತು. ಸುಡು ಬಿಸಿಲಲ್ಲೂ ಕಂಬಳಿ ಹೊದೆಯುತ್ತಿದ್ದಳು. ಜೋಳ ಹಸನು ಮಾಡುತ್ತ ಮೊರದ ಮುಂದೆಯೇ ತೂಕಡಿಸುತ್ತಿದ್ದಳು. “ಕುಂತಲ್ಲೇ ನಿದ್ದಿ ಮಾಡತಾಳ ನೋಡ್ರಿ ಮೈಗಳ್ಳಿ” ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಮುಂಡರಗಿಯ ಇನ್ನೊಬ್ಬ ವೈದ್ಯರು ಬಾವು ನೋಡಿ ಉಪ್ಪು ಬಿಡಿಸಿದರು. ಗದಗಿನ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಎಂದು ಟಾನಿಕ್ ಬಾಟಲಿ ಕೊಟ್ಟರು. ಬೆರಳು ಒಬ್ಬರಿಗೆ, ಕುತ್ತಿಗೆ ಒಬ್ಬರಿಗೆ, ರಕ್ತ ಇನ್ನೊಬ್ಬರಿಗೆ. ಇಡೀ ಅವ್ವನನ್ನು ಯಾರೂ ನೋಡಲಿಲ್ಲ. ಒಬ್ಬರ ಔಷಧದ ಸುದ್ದಿಯನ್ನು ಇನ್ನೊಬ್ಬರೆದುರು ಅಪ್ಪ ಎತ್ತುತ್ತಲೂ ಇರಲಿಲ್ಲ. ಎತ್ತಿದರೆ ದೊಡ್ಡವರಿಗೆ ಅವಮಾನವಾಗುತ್ತದಂತೆ! ಅವರ ಮರ್ಯಾದೆ ಉಳಿಯಿತು.

ಪಥ್ಯ ಕಾಯುವ ಕೆಲಸ ನನ್ನ ಪಾಲಿಗೆ ಬಂತು. “ಅವ್ವ ಕದ್ದು ತಿಂದರ ನನಗ ಹೇಳಬೇಕು” ಎಂದಿದ್ದ ಅಪ್ಪ. ನಾನು ಪೊಲೀಸರಿಗಿಂತ ಜೋರಾಗಿ ಕಾದೆ. ಅವಳ ಬೆರಳು ಮತ್ತೆ ಮೊದಲಿನಂತಾಗಬೇಕು, ಓಣಿಯವರು ಬಂದು ಶಾವಿಗೆಗೆ ಕರೆಯಬೇಕು ಎನ್ನುವ ಹಟ ನನ್ನದು.

ಏಕೀಕರಣವಾದ ದಿನ ಶಾಲೆಯಿಂದ ನಮ್ಮನ್ನೆಲ್ಲ ಮೆರವಣಿಗೆಯಲ್ಲಿ ಕರೆದೊಯ್ದರು. ಸಂಸ್ಥಾನ ಹೋಗಿ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮೂರು ಈಗ ಮೈಸೂರು ರಾಜ್ಯಕ್ಕೆ ಬಂತು, ಕನ್ನಡಿಗರೆಲ್ಲ ಒಂದಾದೆವು ಎಂದು ಮಾಸ್ತರರು ಹೇಳಿದರು. ಕೂಗಿ ಕೂಗಿ ಗಂಟಲು ಕಟ್ಟಿ ಮನೆಗೆ ಬಂದರೆ, ಅವ್ವ ಅಡುಗೆಮನೆಯ ಬಾಗಿಲ ಹಿಂದೆ ಕೂತಿದ್ದಳು. ಕೈಯಲ್ಲಿ ಮೊಸರಿನ ಬಟ್ಟಲು.

“ಒಂದ ತುತ್ತು ಬಿಡವಾ. ನಾಲಿಗಿ ಸುಟ್ಟಂಗ ಆಗೇತಿ. ರೊಟ್ಟಿ ಮುಟ್ಟಿದರ ಜೀವ ಹೋಗತೈತಿ.”

ನಾಲಿಗೆ ಚಾಚಿ ತೋರಿಸಿದಳು. ಕೆಂಪಗೆ, ನುಣ್ಣಗೆ ಇತ್ತು. ನನಗೆ ಕಂಡದ್ದು ಮೊಸರು ಮಾತ್ರ. ಬಟ್ಟಲು ಕಸಿದುಕೊಂಡು ಹಿತ್ತಲಿಗೆ ಹೋಗಿ ಚೆಲ್ಲಿದೆ. ಸಂಜೆ ಅಪ್ಪನಿಗೂ ಹೇಳಿದೆ. ಅವ್ವ ನನ್ನನ್ನು ಬಯ್ಯಲಿಲ್ಲ. ಮುಂದಿನ ಶಾವಿಗೆಯ ಹೊತ್ತಿಗೆ ಅವಳೇ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನ್ನ ಕುತ್ತಿಗೆಯೂ ಉಬ್ಬಿತು. ಗದಗಿನ ಡಾಕ್ಟರಮ್ಮ ಥೈರಾಯ್ಡ್ ಅಂದರು. ಮೈ ಕಾಯಬೇಕಾದ ಶಕ್ತಿಯೇ ತಿರುಗಿ ಆ ಗ್ರಂಥಿಯನ್ನು ತಿನ್ನುತ್ತದಂತೆ. ಅಷ್ಟಕ್ಕೇ ಬಿಡದೆ ತೊನ್ನು ಇದೆಯೇ, ಕೈಕಾಲು ಜೋಮು ಹಿಡಿಯುತ್ತದೆಯೇ, ಕೀಲು ನೋಯುತ್ತವೆಯೇ ಎಂದು ಕೇಳಿದರು, ಸಕ್ಕರೆಗೂ ಬಿ-ಹನ್ನೆರಡು ಜೀವಸತ್ವಕ್ಕೂ ರಕ್ತ ತೆಗೆಸಿದರು. “ಇವು ಒಂದರ ಜೋಡಿ ಒಂದು ಬರೋದು ಉಂಟ್ರಿ. ಒಂದು ಕಂಡರ ಉಳಿದದ್ದನ್ನೂ ಹುಡುಕಬೇಕು” ಎಂದರು. ಇಷ್ಟೇ ಮಾತು! ಇದನ್ನು ಹೇಳುವವರೊಬ್ಬರು ಅಂದು ಸಿಕ್ಕಲಿಲ್ಲವಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಅವ್ವನ ಕಥೆ ಪೂರ್ತಿ ಹೇಳಿ, ಕೇಳಿಯೇಬಿಟ್ಟೆ: “ಆ ಮೊಸರು ಉಂಡಿದ್ದರ ಉಳೀತಿದ್ದಳೇನ್ರಿ?”

“ಇಲ್ಲರಿ. ಅವರಿಗೆ ಹಾಲು-ಮೊಸರಿನ್ಯಾಗಿನ ಬಿ-ಹನ್ನೆರಡು ಮೈಗೆ ಹತ್ತತಿರಲಿಲ್ಲ ಅನಸ್ತೈತಿ. ರಕ್ತ ಆಗಾಕ ಅದರ ಸೂಜೀನ ಬೇಕಿತ್ತು. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.”

“ಉಂಡಿದ್ದರ ಬೆರಳಿನ ಬಿಳುಪು ಹೆಚ್ಚಾಗತಿತ್ತೇನ್ರಿ?”

“ಮೊಸರಿಗೂ ಅದಕ್ಕೂ ಸಂಬಂಧನ ಇಲ್ಲರಿ.”

ಸಮಾಧಾನ ಮಾಡಲೆಂದು ಹೇಳಿದರು, ಪಾಪ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೆ. ಶಿರಹಟ್ಟಿಯ ಬಸ್ಸು ಬಂದು ಹೋಯಿತು, ಏಳಲಾಗಲಿಲ್ಲ. ಆ ಮೊಸರಿನಿಂದ ಅವ್ವ ಉಳಿಯುತ್ತಲೂ ಇರಲಿಲ್ಲ, ಕೆಡುತ್ತಲೂ ಇರಲಿಲ್ಲ. ಅವಳ ನಾಲಿಗೆ ಒಂದು ಗಳಿಗೆ ತಂಪಾಗುತ್ತಿತ್ತು, ಅಷ್ಟೇ.